ಉಪಕರಣದ ಖಾನೆ

ಕುಷ್ಟಗಿಯ ಕೃಷಿ ಕಚೇರಿ ಅಂದರೆ ಒಂದೇ ಕೋಣೆ. ಅರ್ಧದಲ್ಲಿ ಬೀಜದ ಚೀಲಗಳು, ಉಳಿದರ್ಧದಲ್ಲಿ ಎರಡು ಮೇಜು. ಒಂದು ಮೇಜಿನ ಹಿಂದೆ ಗವಿಸಿದ್ದಪ್ಪ ಕೂರುತ್ತಿದ್ದ. ಕೊಪ್ಪಳದವನು, ಇಪ್ಪತ್ತಾರು ವರ್ಷ, ಪುಣೆಯಲ್ಲಿ ಒಕ್ಕಲುತನದ ಪದವಿ ಮಾಡಿಕೊಂಡು ಬಂದು ಎರಡು ವರ್ಷದ ಹಂಗಾಮಿ ಇನ್‌ಸ್ಪೆಕ್ಟರ್ ಆಗಿದ್ದ. ಮಾತು ಕಡಿಮೆ, ಕಂಡದ್ದನ್ನೆಲ್ಲ ಒಂದು ನೀಲಿ ರಟ್ಟಿನ ವಹಿಯಲ್ಲಿ ಬರೆದಿಡುವ ಚಟ ಜಾಸ್ತಿ. ಇನ್ನೊಂದು ಮೇಜಿನ ಹಿಂದೆ ಮುನಶಿ ಮಕ್ಬುಲಸಾಬರು. ಅವರಿಗೆ ಐವತ್ತೆಂಟಾಗಿತ್ತು. ನಿಜಾಮರ ಸರಕಾರಕ್ಕೆ ಹೋಗುವ ಕಾಗದವೆಲ್ಲ ಉರ್ದುವಿನಲ್ಲೇ ಹೋಗಬೇಕಾದ ಕಾಲ ಅದು. ಗವಿಸಿದ್ದಪ್ಪ ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಅವರು ಉರ್ದುವಿಗೆ ಇಳಿಸಿ, ಕಲಮಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು.

೧೯೪೦ರ ನವೆಂಬರಿನ ಕೊನೆಯ ವಾರ. ಗವಿಸಿದ್ದಪ್ಪ ತನ್ನ ಜೀವನದ ಮೊದಲ ಸಂಶೋಧನೆಯ ತಜವೀಜು ಬರೆಯುತ್ತಿದ್ದ. ಹೊಸ ಪ್ರಯೋಗಕ್ಕೆ ಮಂಜೂರಾತಿ ಕೇಳುವ ಅರ್ಜಿ ಅದು. ನಮೂನೆ ಹೈದರಾಬಾದಿನಿಂದಲೇ ಅಚ್ಚಾಗಿ ಬಂದಿತ್ತು: ಸಂಶೋಧನೆಯ ವಿಷಯಕ್ಕೊಂದು ಖಾನೆ, ಈಗಿನ ಪದ್ಧತಿಯ ದೋಷಕ್ಕೊಂದು, ಆ ದೋಷದ ಪುರಾವೆಗೊಂದು, ಬೇಕಾದ ಉಪಕರಣಕ್ಕೊಂದು. ಏನು ಬರೆಯಬೇಕು ಎಂಬುದನ್ನು ರಾಯಚೂರಿನ ಮೇಲಧಿಕಾರಿ ಮೊದಲೇ ಹೇಳಿ ಕಳಿಸಿದ್ದರು. ಹೆಂಗಸರು ಕೈಯಿಂದ ಬೀಜ ಬಿಡುವ ಕಟ್ಟಿಗೆಯ ಕೂರಿಗೆ ನಿಲ್ಲಿಸಿ, ಬೀಜವನ್ನು ತಾನೇ ಎಣಿಸಿ ಬಿಡುವ ಕಬ್ಬಿಣದ ಕೂರಿಗೆ ತರಬೇಕು. ಮೊದಲ ವರ್ಷ ಜಾಲಿಹಾಳದ ಮುನ್ನೂರು ಎಕರೆಯಲ್ಲಿ ಕೈಬಿತ್ತನೆ ಬಂದ್. "ಇದನ್ನ ಬರೆದು ಕಳಿಸು, ಮಂಜೂರಾಗತೈತಿ. ಮಂಜೂರಾದ್ರ ನೀನೂ ಕಾಯಂ ಆಗ್ತಿ" ಎಂದಿದ್ದರು.

ಉಪಕರಣದ ಖಾನೆಯನ್ನು ಗವಿಸಿದ್ದಪ್ಪ ಎಲ್ಲಕ್ಕಿಂತ ಮೊದಲು ತುಂಬಿದ್ದ: ಕಬ್ಬಿಣದ ಕೂರಿಗೆ, ಹನ್ನೆರಡು. ಬರೆಯುವಾಗ ಎದೆ ಉಬ್ಬಿತ್ತು. ಈಗ ಪುರಾವೆಯ ಖಾನೆಯ ಮುಂದೆ ಎರಡು ದಿನದಿಂದ ಕೂತಿದ್ದ.

"ಇನ್‌ಸ್ಪೆಕ್ಟರ್ ಸಾಹೇಬ್ರ, ಮಸಿ ಒಣಗಾಕ ಹತ್ತೈತಿ," ಎಂದರು ಮಕ್ಬುಲಸಾಬರು.

"ಒಂದು ತುಂಡು ಹಿಂಗ ಹೇಳತೈತ್ರಿ, ಇನ್ನೊಂದು ತುಂಡು ಹಂಗ ಹೇಳತೈತಿ," ಎಂದ ಗವಿಸಿದ್ದಪ್ಪ. "ಹೊಲಾ ಒಂದ. ಬಿತ್ತಿದಾಕಿ ಒಬ್ಬಾಕಿ. ದಿನಾನೂ ಒಂದ."

ಆಗಿದ್ದಿಷ್ಟು. ಅಕ್ಟೋಬರಿನಲ್ಲಿ ಚಿತ್ತಿ ಮಳೆ ಬಿದ್ದು ಹದ ಬಂದ ಮೇಲೆ, ಜಾಲಿಹಾಳದ ದೊಡ್ಡಬಸಪ್ಪನ ಎರೆ ಹೊಲದಲ್ಲಿ ನಾಲ್ಕು ಎಕರೆ ಬಿಳಿಜೋಳ ಬಿತ್ತಿಸಿದ್ದ. ಕೈಬಿತ್ತನೆ ಎಷ್ಟು ಏರುಪೇರು ಎಂದು ಲೆಕ್ಕ ಹಿಡಿಯುವುದು ಅವನ ಉದ್ದೇಶ. ಬಿತ್ತುವುದಕ್ಕೆ ದೊಡ್ಡಬಸಪ್ಪ ಕರೆಸಿದ್ದು ತಾಜಬೀಯನ್ನು. ಐವತ್ತೈದರ ಆಸುಪಾಸಿನ, ಕಡ್ಡಿಯ ಹಾಗಿದ್ದ ಹೆಂಗಸು. ಬಿತ್ತಿಗೆಯ ಹಂಗಾಮು ಬಂದರೆ ಜಾಲಿಹಾಳದ ಎಲ್ಲ ಮನೆಯವರೂ ಆಕೆಯ ಬಾಗಿಲಿಗೆ ಎಂಟು ದಿನ ಮೊದಲೇ ಹೇಳಿ ಕಳಿಸುತ್ತಿದ್ದರು. ಕೈಗುಣ ಐತಿ ಅನ್ನುತ್ತಿದ್ದರೇ ಹೊರತು ಅದೇನು ಗುಣ ಎಂದು ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ದೊಡ್ಡಬಸಪ್ಪ ಕೂರಿಗೆಗೆ ಕಾಯಿ ಒಡೆದ. ತಾಜಬೀ ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬಿಸ್ಮಿಲ್ಲಾ ಅಂದು ಮೊದಲ ಹಿಡಿಯನ್ನು ಬಟ್ಟಲಿಗೆ ಬಿಟ್ಟಳು. ಕೂರಿಗೆಯ ಮೂರು ಹಲ್ಲು ನೆಲ ಸೀಳುತ್ತ ಹೋಗುತ್ತವೆ. ಮೂರು ಹಲ್ಲಿನಿಂದ ಮೂರು ಬಿದಿರಿನ ಕೊಳವೆ ಎದ್ದು ಮೇಲೆ ಒಂದು ಕಟ್ಟಿಗೆಯ ಬಟ್ಟಲಿನಲ್ಲಿ ಸೇರುತ್ತವೆ. ಹಿಂದೆ ನಡೆಯುವ ಹೆಂಗಸು ಬಟ್ಟಲಿನ ಮೇಲೆ ಮುಷ್ಟಿ ಹಿಡಿದು ಬೆರಳ ಸಂದಿಯಿಂದ ಕಾಳು ಜಾರಿಸುತ್ತಿರಬೇಕು. ಎತ್ತು ನಿಲ್ಲುವುದಿಲ್ಲ, ಕೈ ನಿಲ್ಲುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಎಕರೆ ಮುಗಿಯುತ್ತಿದ್ದಂತೆ ತಾಜಬೀಯ ಹಿಮ್ಮಡಿಗೆ ಜಾಲಿ ಮುಳ್ಳು ಮುರಿಯಿತು. ದೊಡ್ಡಬಸಪ್ಪ ಚಿಮಟಿಗೆ ತಂದು ಕಿತ್ತ. ಅರ್ಧ ಬೆರಳುದ್ದದ ಮುಳ್ಳು, ರಕ್ತ ಸುರಿಯಿತು.

ಗವಿಸಿದ್ದಪ್ಪನ ಸೈಕಲ್ಲಿನ ಚೀಲದಲ್ಲಿ, ಹಿಂದಿನ ದಿನ ಕುಕನೂರಿನ ಸಂತೆಯಲ್ಲಿ ಅವ್ವನಿಗೆಂದು ಕೊಂಡ ಹೊಸ ಚಪ್ಪಲಿ ಇತ್ತು. ತೆಗೆದು ತಾಜಬೀಯ ಮುಂದೆ ಇಟ್ಟ.

"ಬಿತ್ತೂ ಹೊತ್ತಿನ್ಯಾಗ ಹೊಲದಾಗ ಕೆರವು ಮೆಟ್ಟಂಗಿಲ್ರಿ ನಮ್ಮಲ್ಲಿ," ಎಂದು ದೊಡ್ಡಬಸಪ್ಪ ತಲೆ ಕೆರೆದುಕೊಂಡ.

"ಅದೇನ್ ಆಗೂದಿಲ್ಲ ಬಸಪ್ಪಣ್ಣ. ಕಾಲು ಬಾತ್ರ ಯಾರು ಬಿತ್ತೋರು? ಮೆಟ್ಟಿಕೋ ಯವ್ವಾ."

ತಾಜಬೀ ಚಪ್ಪಲಿ ನೋಡಿದಳು, ದೊಡ್ಡಬಸಪ್ಪನನ್ನು ನೋಡಿದಳು. ಸರಕಾರದ ಮನುಷ್ಯ, ಅದೂ ಮಗನ ವಯಸ್ಸಿನವನು, ಅವ್ವನಿಗೆ ತಂದದ್ದನ್ನು ಕೊಡುತ್ತಿದ್ದಾನೆ. ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಮೆಟ್ಟಿಕೊಂಡು ಉಳಿದ ಎರಡು ಎಕರೆ ಬಿತ್ತಿದಳು.

ಪೈರು ಬಂದ ಮೇಲೆ ಗವಿಸಿದ್ದಪ್ಪ ಇಪ್ಪತ್ತು ಹೆಜ್ಜೆಗೊಂದು ಗೂಟ ಹುಗಿದು, ಪ್ರತಿ ಗೂಟದ ಹತ್ತಿರ ಒಂದು ಗಜದ ಕೋಲು ಇಟ್ಟು ಸಸಿ ಎಣಿಸಿದ್ದ. ಬೆಳಿಗ್ಗೆ ಬಿತ್ತಿದ ತುಂಡಿನಲ್ಲಿ ಹನ್ನೊಂದು, ಹತ್ತು, ನಾಲ್ಕು, ಐದು, ಒಂಬತ್ತು, ಮೂರು, ಹೀಗೆ ಕೊನೆಯ ಗೂಟದವರೆಗೂ ಏರುಪೇರು. ಅವನಿಗೆ ಬೇಕಾದ ಪುರಾವೆ ಹೊಲದಲ್ಲೇ ಬರೆದಿಟ್ಟ ಹಾಗಿತ್ತು. ಆದರೆ ಮಧ್ಯಾಹ್ನದ ತುಂಡಿನಲ್ಲಿ ಏಳು, ಏಳು, ಎಂಟು, ಏಳು, ಏಳು, ಏಳು. ಕಬ್ಬಿಣದ ಕೂರಿಗೆ ಇದಕ್ಕಿಂತ ಸಮನಾಗಿ ಬಿತ್ತಲಾರದು. ಇಷ್ಟು ಚೆನ್ನಾಗಿ ಬಿತ್ತಬಲ್ಲ ಕೈ ಬೆಳಿಗ್ಗೆ ಏಕೆ ಹಾಗೆ ಎಡವಿತು?

"ಎರಡನೇ ತುಂಡು ಬಿಟ್ಟುಬಿಡ್ರಿ," ಎಂದರು ಮಕ್ಬುಲಸಾಬರು. "ಹೈದರಾಬಾದಿನ್ಯಾಗ ಕುಂತಾವ್ರು ಜಾಲಿಹಾಳಕ ಬಂದು ಸಸಿ ಎಣಸ್ತಾರೇನು?"

"ಎಣಸಂಗಿಲ್ರಿ. ಆದ್ರ ನಾ ಎಣಸೀನಲ್ರಿ."

ಮಕ್ಬುಲಸಾಬರು ಕಲಮು ಕೆಳಗಿಟ್ಟರು. "ಸೋಮವಾರ ಟಪಾಲು ಹೋಗಬೇಕು. ಇವತ್ತು ಗುರುವಾರ. ಹೋಗಿ ಆಕಿನ್ನ ಕೇಳ್ರಿ. ಕೇಳಿ ಬಂದು, ಏನ ಬರೀ ಅಂತೀರಿ ಅದನ್ನ ಬರೀತೀನಿ."

ಮರುದಿನ ಹೊತ್ತು ಏರುವ ಮೊದಲೇ ಗವಿಸಿದ್ದಪ್ಪ ಜಾಲಿಹಾಳದ ದಾರಿ ಹಿಡಿದ. ದೊಡ್ಡಬಸಪ್ಪನ ಹೊಲದಲ್ಲಿ ತಾಜಬೀ ಕಳೆ ಕೀಳುತ್ತಿದ್ದಳು. ಬೂಟಿನ ಸಪ್ಪಳ ಕೇಳಿ ಎದ್ದು, ಸೆರಗು ತಲೆಗೆ ಎಳೆದುಕೊಂಡು, ಇವನ ಮುಖ ನೋಡದೆ ನೆಲ ನೋಡಿದಳು. ದೊಡ್ಡಬಸಪ್ಪ ಬದುವಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ಯವ್ವಾ, ಒಂದು ಮಾತು ಕೇಳಬೇಕಾಗಿತ್ತು. ಅವತ್ತು ಮಧ್ಯಾಹ್ನ ನೀ ಹೆಂಗ ಬಿತ್ತಿದಿ?"

ತಾಜಬೀಯ ಮುಖ ಸಣ್ಣದಾಯಿತು. ದೊಡ್ಡಬಸಪ್ಪನ ಕಡೆ ತಿರುಗಿದಳು. "ತಮ್ಮಾ, ಹೇಳಬ್ಯಾಡ ಅಂತ ಕೈ ಮುಗದಿದ್ನಲ್ಲೋ!"

"ನಾ ಬಾಯಿ ಬಿಟ್ಟಿಲ್ಲ ಅಕ್ಕಾ. ಪೈರ ಹೇಳಿರಬೇಕು."

ಸ್ವಲ್ಪ ಹೊತ್ತು ಆಕೆ ಕೈಯಲ್ಲಿದ್ದ ಕಳೆಯ ಬೇರಿನ ಮಣ್ಣು ಕೊಡವುತ್ತ ನಿಂತಳು. "ತಪ್ಪಾತ್ರಿ ಸಾಹೇಬ್ರ," ಎಂದಳು ಕೊನೆಗೆ. "ಆ ಎರಡು ಎಕರೆ ನಾ ಕುರುಡಿ ಆಗಿ ಬಿತ್ತೀನಿ. ಬಸಪ್ಪನ ಹೊಲಾ ಕೆಡಿಸೀನಿ. ಆ ಕಡಿ ನೋಡಾಕ ಮನಸ ಬರಂಗಿಲ್ಲ ನನಗ."

"ಕೆಡಿಸಿದಿ? ಅದನ್ನ ಛಲೋ ಬಿತ್ತೀಯಲ್ಲ! ಗೂಟಕ್ಕ ಏಳು, ಗೂಟಕ್ಕ ಏಳು..."

"ಅದ ಮತ್ತ!" ಎಂದು ತಾಜಬೀ ತಲೆ ಎತ್ತಿದಳು. "ಎಲ್ಲಾ ಕಡಿ ಏಳ ಹಾಕಾಕ ಹೊಲಾ ಏನು ಚಾಪಿ ಐತೇನ್ರಿ? ಕೆರವು ಮೆಟ್ಟಿದ ಮ್ಯಾಲ ನನಗ ಏನ ಕಾಣತೈತಿ? ಕೈ ಸುಮ್ನ ತನ್ನ ಪಾಡಿಗೆ ತಾ ಹೋತು."

ಗವಿಸಿದ್ದಪ್ಪ ಆಕೆಯ ಪಾದ ನೋಡಿದ. ಕಪ್ಪು ಮಣ್ಣಿನಲ್ಲಿ ಹಿಮ್ಮಡಿಯ ಬಿರುಕುಗಳು ಮುಚ್ಚಿಹೋಗಿದ್ದವು. "ಕಾಣೂದು ಕಣ್ಣಿಗಲ್ಲೇನು ಯವ್ವಾ?"

"ಕಣ್ಣಿಗೆ ಮ್ಯಾಲಿಂದು ಕಾಣತೈತ್ರಿ. ಕೆಳಗಿಂದು ಕಾಲಿಗೆ." ಇದನ್ನೂ ಹೇಳಿಕೊಡಬೇಕೇ ಎಂಬಂತಿತ್ತು ಆಕೆಯ ದನಿ. "ಕೂರಿಗಿ ಸೀಳಿದ ಸಾಲಿನ್ಯಾಗ ಕಾಲಿಟ್ರ, ಒಂದೊಂದ ಕಡಿ ತಣ್ಣಗ, ಮೆತ್ತಗ ಇರತೈತಿ. ಬಾ ಅಂತೈತಿ. ಒಂದೊಂದ ಕಡಿ ಬೆಚ್ಚಗ, ಸಣ್ಣ ಹರಳು ತಾಕತಾವು. ಸಾಕು ಅಂತೈತಿ. ಬಾ ಅಂದಲ್ಲಿ ಬೆರಳು ಸಡಲ ಬಿಡ್ತೀನಿ, ಸಾಕು ಅಂದಲ್ಲಿ ಬಿಗಿ ಹಿಡೀತೀನಿ. ಅಷ್ಟ ರೀ."

"ಯಾರ ಕಲಿಸಿದ್ರು?"

"ಕಲಸೂದು ಏನೈತ್ರಿ ಇದರಾಗ? ನಮ್ಮವ್ವನ ಹೆಜ್ಜಿ ಮ್ಯಾಲ ಹೆಜ್ಜಿ ಇಟಗೊಂಡು ಬಂದೆ."

ಗವಿಸಿದ್ದಪ್ಪ ನೀಲಿ ವಹಿ ತೆಗೆದ. ಬೆಳಗಿನ ತುಂಡಿನ ಲೆಕ್ಕ ಇದ್ದ ಹಾಳೆಯ ನೆತ್ತಿಯ ಮೇಲೆ ತನ್ನದೇ ಕೈಬರಹ: 'ದೋಷಗಳ ಪಟ್ಟಿ'. ಹನ್ನೊಂದು, ಹತ್ತು, ನಾಲ್ಕು.

"ಬಸಪ್ಪಣ್ಣ, ಹಾರಿ ಸಲಿಕಿ ಅದಾವೇನು?"

"ಅದಾವು. ಯಾಕ್ರಿ?"

"ಗೂಟಗೋಳ ಹತ್ರ ತೆಗ್ಗು ತೋಡಬೇಕು. ಕಪ್ಪು ಮಣ್ಣು ಎಲ್ಲೀತನಕ ಐತಿ, ಕೆಳಗಿನ ಗರಸು ಕಲ್ಲು ಎಲ್ಲಿ ಹತ್ತತೈತಿ, ನೋಡಬೇಕು."

"ನಾ ಈ ಹೊಲಾ ಮೂವತ್ತು ವರ್ಷ ಉತ್ತೀನಿ. ಗರಸು ಎಲ್ಲೈತಿ ಅಂತ ನನಗ ಗೊತ್ತಿಲ್ಲ. ನನ್ನ ಕಣ್ಣೆಲ್ಲಾ ಎತ್ತಿನ ಬಾಲದ ಮ್ಯಾಲ," ಎಂದು ದೊಡ್ಡಬಸಪ್ಪ ನಗುತ್ತಲೇ ಎದ್ದ. ತಾಜಬೀ ಅವನ ಜಾಗಕ್ಕೆ ಹೋಗಿ ಬದುವಿನ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದಳು. ಗಂಡಸರು ಮಣ್ಣು ಅಗೆಯುವುದರಲ್ಲಿ ಆಕೆಗೆ ನೋಡುವಂಥದ್ದು ಏನೂ ಇರಲಿಲ್ಲ.

ಮೊದಲ ಗೂಟ. ವಹಿಯಲ್ಲಿ ಹನ್ನೊಂದು. ದೊಡ್ಡಬಸಪ್ಪ ಅಗೆದ, ಮೊಣಕಾಲು ಮಟ್ಟ ಆಯಿತು, ತೊಡೆ ಮಟ್ಟ ಆಯಿತು, ಸೊಂಟದ ಮಟ್ಟಕ್ಕೆ ಬಂದರೂ ಸಲಿಕೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತಿತ್ತು. ಕಪ್ಪು, ತಣ್ಣನೆ, ಹಿಡಿದರೆ ಮುದ್ದೆಯಾಗುವ ಮಣ್ಣು. "ಸಾಕ್ ಬಿಡ್ರಿ, ನೀರ ಬಂದೀತು," ಎಂದ.

ಮೂರನೆಯ ಗೂಟ. ವಹಿಯಲ್ಲಿ ನಾಲ್ಕು. ಹಾರೆ ಒಂದೂವರೆ ಗೇಣು ಇಳಿದಿರಲಿಲ್ಲ, ಠಣ್ ಎಂದಿತು. ಕೆಳಗೆ ಬಿಳಿ ಹಳದಿ ಗರಸು, ಹಲ್ಲಿನ ಹಾಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೇಲಿನಿಂದ ನೋಡಿದರೆ ಮೊದಲ ಗೂಟಕ್ಕೂ ಮೂರನೆಯದಕ್ಕೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಒಂದೇ ಕಪ್ಪು, ಒಂದೇ ಸಮತಟ್ಟು.

"ಮುಂದಿಂದು ಎಷ್ಟ ಬರದೀರಿ?" ಎಂದ ದೊಡ್ಡಬಸಪ್ಪ. ದನಿಯಲ್ಲಿದ್ದ ನಗೆ ಹೋಗಿತ್ತು.

"ಐದು."

"ಹಂಗಾರ ಎರಡು ಗೇಣಿಗೆ ಗರಸು."

ಎರಡು ಗೇಣಿಗೆ ನಾಲ್ಕು ಬೆರಳು ಕಡಿಮೆ ಇತ್ತು. ಒಂಬತ್ತು ಬರೆದಲ್ಲಿ ತೊಡೆಯ ಮಟ್ಟ. ಮೂರು ಬರೆದಲ್ಲಿ ಒಂದು ಗೇಣು. ಎಂಟನೆಯ ತೆಗ್ಗಿನ ಹೊತ್ತಿಗೆ ದೊಡ್ಡಬಸಪ್ಪ ಅಂಗಿ ಬಿಚ್ಚಿ ಎಸೆದಿದ್ದ. ಗವಿಸಿದ್ದಪ್ಪ ಸಂಖ್ಯೆ ಹೇಳುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೆದರಿಕೆಯೋ ಆಸೆಯೋ ಅವನಿಗೇ ತಿಳಿಯದು. ಈ ಸಲವೂ ಸರಿಯಾಗಿ ಬಂದರೆ? ಬಂತು. ಮತ್ತೆ ಬಂತು.

ಆ ತುಂಡಿನ ಕೊನೆಯ ಗೂಟದಲ್ಲಿ ಮಾತ್ರ ತಪ್ಪಿತು. ವಹಿಯಲ್ಲಿ ಹತ್ತು, ಹಾರೆ ಒಂದು ಗೇಣಿಗೇ ಠಣ್ ಎಂದಿತು. ಗವಿಸಿದ್ದಪ್ಪ ಕೋಲು ಇಟ್ಟು ಮತ್ತೆ ಎಣಿಸಿದ, ಹತ್ತೇ. ಕೂಗಿ ಕೇಳಿದ, "ಯವ್ವಾ, ಇಲ್ಲಿ ಗರಸು ಮ್ಯಾಲ ಐತಿ. ನೀ ಹತ್ತು ಯಾಕ ಹಾಕಿದಿ?"

ತಾಜಬೀ ಬದುವಿನಿಂದ ಕುತ್ತಿಗೆ ಉದ್ದ ಮಾಡಿ ನೋಡಿದಳು. ಎಲೆ ತುಂಬಿದ ಬಾಯಿಂದಲೇ ಕೂಗಿದಳು, "ಅಲ್ಲೇ ಅಲ್ಲೇನ್ರಿ ನನಗ ಮುಳ್ಳು ಮುರಿದದ್ದು! ಜೀವ ಹೋದಂಗಾಗಿ ಬೆರಳು ಬಿಟ್ಟಬಿಟ್ಟೆ. ಅದನ್ನೂ ಎಣಿಸಿಬಿಟ್ರೇನು?"

ಗವಿಸಿದ್ದಪ್ಪ ಆ ತೆಗ್ಗಿನ ಅಂಚಿನಲ್ಲಿ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಪುಣೆಯಲ್ಲಿ ಮಣ್ಣಿನ ಆಳ ನೋಡಲು ಅವನಿಗೆ ಕಲಿಸಿದ್ದರು. ಹತ್ತು ಎಕರೆಗೆ ಇಷ್ಟು ತೆಗ್ಗು, ತೆಗ್ಗಿಗೆ ಇಷ್ಟು ಆಳು, ಒಂದು ಹೊಲಕ್ಕೆ ಒಂದು ವಾರ. ತಾಜಬೀ ಅದೇ ಕೆಲಸವನ್ನು ಎತ್ತಿನ ನಡಿಗೆಯಲ್ಲಿ, ಒಂದು ಮುಂಜಾನೆಯಲ್ಲಿ, ಹಿಂದಿನ ರಾತ್ರಿಯ ಚಟ್ನಿಯ ಮಾತಾಡುತ್ತ ಮಾಡಿಬಿಟ್ಟಿದ್ದಳು. ಮಾಡಿ, ಆಳ ಕಂಡಲ್ಲಿ ಹೆಚ್ಚು ಕಾಳು, ತೆಳು ಮಣ್ಣು ಕಂಡಲ್ಲಿ ಕಡಿಮೆ ಕಾಳು ಇಟ್ಟಿದ್ದಳು. ಮಳೆ ಮುಗಿದ ಮೇಲೆ ಮಣ್ಣಿನ ಹೊಟ್ಟೆಯಲ್ಲಿ ಉಳಿದ ತೇವವೊಂದೇ ಬಿಳಿಜೋಳಕ್ಕೆ ಗತಿ. ಯಾವ ಜಾಗದಲ್ಲಿ ಎಷ್ಟು ಸಸಿಗೆ ಎಷ್ಟು ತೇವ ಎಂದು ಆಕೆ ಒಂದೊಂದು ಹೆಜ್ಜೆಗೂ ಹಂಚಿಕೊಟ್ಟಿದ್ದಳು. ಅವನು ಕೋಲು ಹಿಡಿದು ಸಸಿ ಎಣಿಸಿ ದೋಷಗಳ ಪಟ್ಟಿ ಎಂದು ಬರೆದುಕೊಂಡದ್ದು ನೆಲದ ಕೆಳಗಿನ ನಕಾಶೆ ಆಗಿತ್ತು. ಅದನ್ನು ಬರೆದವಳಿಗೆ ಅಕ್ಷರ ಬರುತ್ತಿರಲಿಲ್ಲ.

ತಲೆ ಎತ್ತಿದ. ಬಿಸಿಲಿಗೆ ಎರೆ ಹೊಲಗಳು ಕುಷ್ಟಗಿಯ ಕಡೆಗೂ ಯಲಬುರ್ಗಿಯ ಕಡೆಗೂ ಕಣ್ಣು ಹಾಯುವಷ್ಟು ದೂರ ಹರಡಿದ್ದವು. ಒಂದೊಂದು ಹೊಲದಲ್ಲೂ ಪ್ರತಿ ವರ್ಷ ಒಬ್ಬ ಹೆಂಗಸು ಸಾಲಿನಲ್ಲಿ ನಡೆದಿದ್ದಾಳೆ. ಅವಳ ಮುಂದೆ ಅವಳವ್ವ, ಅದಕ್ಕೂ ಮುಂದೆ ಅವಳವ್ವ. ಇಷ್ಟು ನೆಲವನ್ನು ಬರಿಗಾಲಿನಲ್ಲಿ ಓದಿ ಮುಗಿಸಿದವರ ನಡುವೆ ತಾನು ಬೂಟು ಹಾಕಿಕೊಂಡು, ಸೈಕಲ್ಲು ಒರಗಿಸಿ, ಗೂಟ ಹುಗಿದುಕೊಂಡು ನಿಂತಿದ್ದ.

"ಸಾಹೇಬ್ರಿಗೆ ಬಿಸಲ ಹತ್ತಿತೇನೋ ನೋಡೋ ತಮ್ಮಾ," ಎಂದಳು ತಾಜಬೀ.

ಮಧ್ಯಾಹ್ನದ ತುಂಡನ್ನು ತೋಡಬೇಕಾಗಿಯೇ ಇರಲಿಲ್ಲ. ಹೊತ್ತು ನೆತ್ತಿಗೆ ಬರುತ್ತಿದ್ದಂತೆ ಅಲ್ಲಲ್ಲಿ ಏಳೇಳು ಸಸಿಗಳು ಎಲೆ ಸುರುಳಿ ಸುತ್ತಿಕೊಂಡು ನಿಂತವು. ಗರಸು ನೆಲದ ಹತ್ತಿರಕ್ಕೇ ಬಂದಿದ್ದ ಜಾಗ ಅವು. ನಾಲ್ಕು ಸಸಿಯ ತೇವವನ್ನು ಏಳು ಸಸಿ ಕಿತ್ತಾಡಿ ಕುಡಿಯುತ್ತಿದ್ದವು.

ಹೊರಡುವಾಗ ತಾಜಬೀ ಒಂದು ಬಟ್ಟೆಯ ಗಂಟು ತಂದು ಸೈಕಲ್ಲಿನ ಮೇಲಿಟ್ಟಳು. ಒಳಗೆ ಒರೆಸಿ ಎಣ್ಣೆ ಹಚ್ಚಿದ ಚಪ್ಪಲಿ. "ನಿಮ್ಮವ್ವಗ ಕೊಡ್ರಿ."

"ನಿನಗ ಕೊಟ್ಟದ್ದು ಯವ್ವಾ. ತಪ್ಪು ನಂದು, ಅದರದಲ್ಲ."

ಆಕೆ ಒಂದು ಕ್ಷಣ ಯೋಚಿಸಿ ಗಂಟು ವಾಪಸು ತೆಗೆದುಕೊಂಡಳು. "ಕುಕನೂರ ಸಂತಿಗೆ ಮೆಟ್ಟಕೊಂಡ ಹೋಗ್ತೀನಿ, ಆತೇನು? ಹೊಲಕ್ಕ ಮಾತ್ರ ಬ್ಯಾಡ."

ಶನಿವಾರ ಕಚೇರಿ ತೆರೆದೊಡನೆ ಇಬ್ಬರೂ ಕೂತರು. ಗವಿಸಿದ್ದಪ್ಪ ಹೊಸ ನಮೂನೆ ಮುಂದಿಟ್ಟ. ಮಕ್ಬುಲಸಾಬರು ಹಳೆಯದನ್ನು ನೋಡಿದರು, ಅದರಲ್ಲಿ ಕಬ್ಬಿಣದ ಕೂರಿಗೆಗಳ ಸಾಲನ್ನು ಎಷ್ಟು ಚೆಂದ ಬರೆದಿದ್ದರು!

"ಇದನ್ನ ಹರಿದ್ರ ನಿಮ್ಮ ಕಾಯಂ ನೌಕರಿನೂ ಹರೀಬಹುದು," ಎಂದರು ಮೆಲ್ಲಗೆ.

"ಹರೀಬಹುದ್ರಿ." ಗವಿಸಿದ್ದಪ್ಪ ಹಳೆಯ ನಮೂನೆಯನ್ನು ಹರಿದ. "ಈ ಕಾಗದಾ ಹೈದರಾಬಾದಿಗೆ ಹೋದ್ರ ಆಕಿ ಕೈ ನಿಲ್ಲಸ್ತಾರ. ಮುನ್ನೂರು ಎಕರೆದಾಗ. ಒಂದು ಹತ್ತು ವರ್ಷ ಕೈ ನಿಂತ್ರ ಕಾಲು ಮರೀತೈತಿ. ಆಮ್ಯಾಲ ಯಾರನ್ನ ಕೇಳೋಣ?"

ಅವನು ಹೇಳುತ್ತ ಹೋದ, ಮುನಶಿಗಳು ಬರೆಯುತ್ತ ಹೋದರು. ಸಂಶೋಧನೆಯ ವಿಷಯ: ಎರೆ ಭೂಮಿಯ ಆಳವನ್ನು ಬಿತ್ತುವ ಹೆಂಗಸು ಹೇಗೆ ತಿಳಿಯುತ್ತಾಳೆ. ದೋಷದ ಖಾನೆ ಬಂದಾಗ ಗವಿಸಿದ್ದಪ್ಪ ಸ್ವಲ್ಪ ತಡೆದ. ಆಮೇಲೆ, "ಕಂಡುಬಂದ ದೋಷ ಒಂದೇ. ತನಿಖೆ ಮಾಡಿದವನು ಬಿತ್ತುವವಳಿಗೆ ಚಪ್ಪಲಿ ಹಾಕಿಸಿದ್ದು," ಎಂದ.

"ಬರೀಲೇನ್ರಿ ಖರೇವಂದ್ರ?"

"ಬರೀರಿ."

ಪುರಾವೆಯ ಖಾನೆಯಲ್ಲಿ ಎರಡೂ ತುಂಡಿನ ಲೆಕ್ಕ ಹೋಯಿತು, ತೆಗ್ಗುಗಳ ಆಳ ಹೋಯಿತು, ಮುಳ್ಳು ಮುರಿದ ಗೂಟವೂ ಹೋಯಿತು. ಮುಂದೆ ಉಪಕರಣದ ಖಾನೆ.

"ಒಂದು ಗಜದ ಕೋಲು," ಎಂದ ಗವಿಸಿದ್ದಪ್ಪ. ಕಲಮು ಓಡಿತು. "ಒಂದು ಹಾರೆ." ಓಡಿತು. "ಜಾಲಿಹಾಳದ ತಾಜಬೀಯ ಎರಡು ಪಾದಗಳು."

ಕಲಮು ನಿಂತಿತು. "ತೋಬಾ! ಮೂವತ್ತು ವರ್ಷ ಸರಕಾರದ ಕಾಗದಾ ಬರದೀನಿ ಸಾಹೇಬ್ರ. ಎತ್ತು ಬರದೀನಿ, ಬಂಡಿ ಬರದೀನಿ, ಒಮ್ಮೆ ಆನೀನೂ ಬರದೀನಿ. ಕಾಲು ಬರದಿಲ್ಲ. ಇದನ್ನ ಓದಿ ನಗತಾರ."

"ನಗಲಿ ಬಿಡ್ರಿ. ಮತ್ತ್ಯಾವುದರಿಂದ ಅಳೀಲಿ ನಾ?"

ಮಕ್ಬುಲಸಾಬರು ಕಲಮನ್ನು ಮಸಿಯಲ್ಲಿ ಅದ್ದಿ, ಹಾಗೇ ಹಿಡಿದುಕೊಂಡರು. ಕಿಟಕಿಯ ಹೊರಗೆ ನೋಡುತ್ತ, "ನಮ್ಮವ್ವ ಬಿತ್ತಾಕ ಹೊಂಟ್ರ ಅಂಗಳದಾಗ ಕಾಲು ತೊಳಕೊಂಡು ಹೋಗ್ತಿದ್ಲು," ಎಂದರು. "ಮಣ್ಣಾಗ ಹೋಗಾಕ ಕಾಲು ಯಾಕ ತೊಳೀತಿ ಯವ್ವಾ ಅಂತ ನಾ ನಗತಿದ್ದೆ. ನಗತಿದ್ನಲ್ರಿ ನಾ." ಉರ್ದುವಿನಲ್ಲಿ ಕಾಲಿಗೆ ಎರಡು ಮೂರು ಮಾತುಗಳಿವೆ. ಅವುಗಳಲ್ಲಿ ಹಿರಿಯರ ಪಾದಕ್ಕೆ ಬಳಸುವ ಮಾತನ್ನು ಆರಿಸಿ, ಉಳಿದ ಯಾವ ಸಾಲಿಗೂ ಕೊಡದಷ್ಟು ಹೊತ್ತು ಕೊಟ್ಟು, ಆ ಒಂದು ಸಾಲು ಬರೆದರು.

ಸೋಮವಾರ ಟಪಾಲು ಹೋಯಿತು. ಎಂಟು ದಿನಕ್ಕೆ ರಾಯಚೂರಿನಿಂದ ಮೇಲಧಿಕಾರಿಯ ಚೀಟಿ ಬಂತು: 'ಇಂಥದ್ದನ್ನು ನಾನು ಕೇಳಿರಲಿಲ್ಲ. ಮುಂದೆ ಕಳಿಸಿದ್ದೇನೆ. ಫಲ ನಿನ್ನದು.' ಗವಿಸಿದ್ದಪ್ಪ ಆ ಚೀಟಿಯನ್ನೂ ವಹಿಯೊಳಗೆ ಇಟ್ಟುಕೊಂಡ. ಶಿವರಾತ್ರಿಯ ಮುಂದೆ ಜೋಳ ಕೊಯ್ಲಿಗೆ ಬಂತು. ಬೆಳಗಿನ ತುಂಡಿನಲ್ಲಿ ನಾಲ್ಕು ಸಸಿ ಇದ್ದಲ್ಲಿ ನಾಲ್ಕೂ ತೆನೆ ತುಂಬಿಕೊಂಡು ತಲೆ ಬಾಗಿದ್ದವು. ಮಧ್ಯಾಹ್ನದ ತುಂಡಿನಲ್ಲಿ ಗರಸಿದ್ದಲ್ಲೆಲ್ಲ ದಂಟು ನಿಂತಿತ್ತು, ಕಾಳಿರಲಿಲ್ಲ. ದೊಡ್ಡಬಸಪ್ಪ "ಎತ್ತಿಗೆ ಮೇವಾತು, ಬಿಡ್ರಿ" ಎಂದು ಇವನಿಗೇ ಸಮಾಧಾನ ಹೇಳಿದ.

ಮಾರ್ಚಿನಲ್ಲಿ ಹೈದರಾಬಾದಿನ ಲಕೋಟೆ ಬಂತು. ಮಕ್ಬುಲಸಾಬರು ಒಡೆದು, ಮೊದಲು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಕನ್ನಡಕ ಒರೆಸಿಕೊಂಡು ಬಾಯಿಬಿಟ್ಟು ಓದಿದರು. ಮೂರು ಎಕರೆ, ಒಂದು ಹಂಗಾಮು ಮಂಜೂರು. ಕಬ್ಬಿಣದ ಕೂರಿಗೆಯ ಮಾತು ಸದ್ಯಕ್ಕಿಲ್ಲ. ಜಾಲಿಹಾಳದಲ್ಲಿ ಬಿತ್ತಿಗೆ ಮೊದಲಿನಂತೆಯೇ ನಡೆಯತಕ್ಕದ್ದು. ಇನ್‌ಸ್ಪೆಕ್ಟರರ ಹಂಗಾಮಿ ನೌಕರಿ ಇನ್ನೊಂದು ವರ್ಷ ಮುಂದುವರಿಕೆ.

"ಕಾಯಂ ಇಲ್ಲ," ಎಂದರು ಮುನಶಿಗಳು.

"ಕೈ ಉಳೀತಲ್ರಿ," ಎಂದ ಗವಿಸಿದ್ದಪ್ಪ.

"ತಡೀರಿ, ಇನ್ನೂ ಐತಿ." ತಾವು ಕಳಿಸಿದ ಅರ್ಜಿಯ ನಕಲೂ ಲಕೋಟೆಯಲ್ಲಿತ್ತು. ಉಪಕರಣದ ಖಾನೆಯ ಪಕ್ಕದಲ್ಲಿ, ಅಂಚಿನಲ್ಲಿ, ಯಾರೋ ಪೆನ್ಸಿಲಿನಿಂದ ಸಣ್ಣದಾಗಿ ಒಂದು ಪ್ರಶ್ನೆ ಬರೆದಿದ್ದರು. ರುಜು ಇರಲಿಲ್ಲ. ಮಕ್ಬುಲಸಾಬರು ಅದನ್ನು ಬೆಳಕಿಗೆ ಹಿಡಿದು ಓದಿದರು: "ಮೊದಲು ತಿಳಿಯುವುದು ಯಾವ ಪಾದಕ್ಕೆ? ಎಡಗಾಲಿಗೋ ಬಲಗಾಲಿಗೋ?"

ಅಷ್ಟು ದೂರದ ಊರಿನಲ್ಲಿ, ಮುಖ ಕಾಣದ ಒಬ್ಬ ಮನುಷ್ಯ, ಆ ಸಾಲು ಓದಿ ನಕ್ಕಿರಲಿಲ್ಲ. ಪೆನ್ಸಿಲು ಹಿಡಿದು ಯೋಚನೆ ಮಾಡಿದ್ದ.

ಮುಂದಿನ ಅಕ್ಟೋಬರಿನಲ್ಲಿ ಚಿತ್ತಿ ಮಳೆ ಬಿದ್ದು ಹದ ಬಂದ ದಿನ, ದೊಡ್ಡಬಸಪ್ಪ ಕಾಯಿ ಒಡೆದ ಮೇಲೆ, ಗವಿಸಿದ್ದಪ್ಪ ಆ ಪ್ರಶ್ನೆ ಕೇಳಿದ. ತಾಜಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಯಾವ ಕಾಲು ಅಂತ? ನಿಮ್ಮ ಹೈದರಾಬಾದಿನವ್ರಿಗೆ ಬ್ಯಾರೆ ಕೆಲಸಿಲ್ಲೇನ್ರಿ?" ಆಮೇಲೆ ನಗೆ ನಿಂತಿತು. ತನ್ನ ಎರಡು ಪಾದಗಳನ್ನು ಬಗ್ಗಿ ನೋಡಿದಳು, ಯಾರದೋ ಪಾದ ನೋಡುವ ಹಾಗೆ. ಐವತ್ತಾರು ವರ್ಷ ಜೊತೆಗಿದ್ದೂ ಅವುಗಳ ಒಂದು ಗುಟ್ಟು ತನಗೆ ತಿಳಿದಿರಲಿಲ್ಲ ಎಂಬುದು ಆಕೆಯ ಮುಖದಲ್ಲಿ ಮೂಡಿತು.

"ಗೊತ್ತಿಲ್ರಿ ಸಾಹೇಬ್ರ," ಎಂದಳು, ಪಿಸುಮಾತಿನಲ್ಲಿ. "ನೋಡೂಣು ನಡೀರಿ."

ಗವಿಸಿದ್ದಪ್ಪ ಬದುವಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿದ. ಕಾಲುಚೀಲ ತೆಗೆದ. ಅವನ ಪಾದ ಬೆಳ್ಳಗೆ, ಕೂಸಿನ ಪಾದದ ಹಾಗೆ ಮೆತ್ತಗೆ ಇತ್ತು. ದೊಡ್ಡಬಸಪ್ಪ ನೋಡಿ ನಗು ತಡೆಯಲು ಎತ್ತಿನ ಕಡೆ ತಿರುಗಿದ. ಬಿಸ್ಮಿಲ್ಲಾ ಅಂದದ್ದು ಕೇಳಿತು, ಎತ್ತುಗಳು ಹೊರಟವು, ಮೂರು ಹಲ್ಲು ನೆಲ ಸೀಳಿದವು. ತಾಜಬೀಯ ಹಿಂದೆ, ಆಕೆಯ ಹೆಜ್ಜೆ ಮೂಡಿದಲ್ಲೇ ಅವನೂ ಕಾಲಿಟ್ಟ.

"ಬಾ ಅಂತೈತೇನ್ರಿ, ಸಾಕು ಅಂತೈತೇನ್ರಿ?" ಆಕೆ ಹಿಂದಿರುಗಿ ನೋಡದೆ ಕೇಳಿದಳು. ಕೈ ಬಟ್ಟಲಿನ ಮೇಲೆ ಕಾಳು ಜಾರಿಸುತ್ತಲೇ ಇತ್ತು.

ಗವಿಸಿದ್ದಪ್ಪ ಉಸಿರು ಬಿಗಿಹಿಡಿದು ಕಿವಿಗೊಟ್ಟ, ಪಾದದಿಂದ. ತಣ್ಣಗಿತ್ತು. ಅಷ್ಟು ಮಾತ್ರ ತಿಳಿಯಿತು.

"ಏನೂ ಅನ್ನವಲ್ದು ಯವ್ವಾ."

"ಅಂತೈತಿ, ಅಂತೈತಿ. ಒಂದು ಮೂವತ್ತು ವರ್ಷ ನಡೀರಿ."

ಅವನು ಮುಂದಿನ ಹೆಜ್ಜೆ ಇಟ್ಟ.